ಮುಟ್ಟು ತಡವಾಗಿದ್ದು ಬಿಯರ್‌ನಿಂದಲಾ?

ಪ್ರಶ್ನೆ: ನನಗೆ 26 ವರ್ಷ, ಬೆಂಗಳೂರಿನಲ್ಲಿ ಕೆಲಸ. ಶನಿವಾರ ಗೆಳತಿಯರ ಜೊತೆ ಒಂದೆರಡು ಬಾಟಲಿ ಸ್ಟ್ರಾಂಗ್ ಬಿಯರ್ ಕುಡಿಯುತ್ತೇನೆ. ಈ ಸಲ ಮುಟ್ಟು 12 ದಿನ ತಡವಾಗಿದೆ. ಕುಡಿದಿದ್ದಕ್ಕೇ ಹೀಗಾಯಿತಾ? ಹೊಟ್ಟೆನೋವಿನ ಮಾತ್ರೆ ತಗೊಂಡ ದಿನ ಕುಡಿಯಬಹುದಾ? ಮನೆಯಲ್ಲಿ ಕೇಳುವ ಹಾಗಿಲ್ಲ.

ಸ್ತ್ರೀರೋಗ ತಜ್ಞೆಯ ಉತ್ತರ: ಕೇಳಿದ್ದು ಒಳ್ಳೆಯದಾಯಿತು. ಬಿಯರ್ ವಿಷಯ ಆಮೇಲೆ. ಗರ್ಭ ನಿಂತಿರುವ ಸಾಧ್ಯತೆ ಸ್ವಲ್ಪವಾದರೂ ಇದ್ದರೆ ಮೆಡಿಕಲ್ ಸ್ಟೋರ್‌ನಿಂದ ಟೆಸ್ಟ್ ಕಿಟ್ ತನ್ನಿ, ಡಾಕ್ಟರ್ ಚೀಟಿ ಬೇಕಿಲ್ಲ. ಬೆಳಗಿನ ಮೊದಲ ಮೂತ್ರದಲ್ಲಿ ನೋಡಿ. ನೆಗೆಟಿವ್ ಬಂದು, ವಾರ ಕಳೆದರೂ ಮುಟ್ಟಾಗದಿದ್ದರೆ ಇನ್ನೊಮ್ಮೆ ಮಾಡಿ. ಪಾಸಿಟಿವ್ ಬಂದರೆ ಅವತ್ತಿನಿಂದಲೇ ಕುಡಿಯುವುದು ನಿಲ್ಲಿಸಿ, ಬೇಗ ವೈದ್ಯರನ್ನು ಕಾಣಿ. ಗರ್ಭಿಣಿ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆಯೇ ಇಲ್ಲ.

ಇನ್ನು ಕುಡಿತ. ಅಂಡಾಣು ಬಿಡುಗಡೆಯಾಗಲು ಮೆದುಳಿನಿಂದ ಅಂಡಾಶಯಕ್ಕೆ ಹಾರ್ಮೋನಿನ ಸೂಚನೆ ಹೋಗಬೇಕು. ಅಂಡಾಣು ಹೊರಬಂದ ಸುಮಾರು ಎರಡು ವಾರಕ್ಕೆ ಮುಟ್ಟು. ಜಾಸ್ತಿ ಕುಡಿಯುವವರಲ್ಲಿ ಈ ಸೂಚನೆಯೇ ಏರುಪೇರಾಗುತ್ತದೆ. ಅಂಡಾಣು ತಡವಾಗಬಹುದು, ಒಂದೊಂದು ತಿಂಗಳು ಬಾರದೆಯೂ ಇರಬಹುದು. ಈಸ್ಟ್ರೋಜನ್ ಹಾರ್ಮೋನನ್ನು ಒಡೆಯುವುದು ಲಿವರ್, ಮದ್ಯವನ್ನು ಒಡೆಯುವುದೂ ಅದೇ. ಹಾಗಾಗಿ ಕುಡಿದಾಗ ಈಸ್ಟ್ರೋಜನ್ ಏರಬಹುದು, ಅದೂ ಮುಟ್ಟಿನ ಲೆಕ್ಕ ತಪ್ಪಿಸಬಹುದು.

ಅಪರೂಪಕ್ಕೆ ಒಂದು ಪೆಗ್ ಕುಡಿದರೆ ಡೇಟ್ 12 ದಿನ ಮುಂದೆ ಹೋಗುವುದಿಲ್ಲ. ಆದರೆ ನಿಮ್ಮ ‘ಒಂದೆರಡು’ ಚಿಕ್ಕದಲ್ಲ. ಬಾಟಲಿಯ ಲೇಬಲ್ ನೋಡಿ. 650 ಮಿ.ಲೀ., 8% ಎಂದಿದ್ದರೆ ಅದರಲ್ಲಿ ಸುಮಾರು 41 ಗ್ರಾಂ ಆಲ್ಕೋಹಾಲ್ ಇದೆ. ಒಂದು ಸಣ್ಣ ಪೆಗ್, ಅಂದರೆ 30 ಮಿ.ಲೀ. ವಿಸ್ಕಿಯಲ್ಲಿರುವುದು ಸುಮಾರು 10 ಗ್ರಾಂ. ಅಂದರೆ ಎರಡು ಬಾಟಲಿ ಎಂದರೆ ಒಂದೇ ರಾತ್ರಿ ಎಂಟು ಸಣ್ಣ ಪೆಗ್! ಬಿಯರ್ ತಾನೆ ಅಂದುಕೊಂಡವರು ಈ ಲೆಕ್ಕ ಕೇಳಿ ಬೆಚ್ಚಿಬೀಳುತ್ತಾರೆ. ದಯವಿಟ್ಟು ಕಡಿಮೆ ಮಾಡಿ. ಬಿಟ್ಟರೆ ಇನ್ನೂ ಒಳ್ಳೆಯದು.

ಮಾತ್ರೆ ತಗೊಂಡ ದಿನ ಕುಡಿಯಬೇಡಿ. ಮುಟ್ಟಿನ ನೋವಿಗೆ ತಗೊಳ್ಳುವ ಮೆಫೆನಮಿಕ್ ಆಸಿಡ್, ಐಬುಪ್ರೊಫೇನ್ ಎರಡೂ ಹೊಟ್ಟೆಯ ಒಳಪದರವನ್ನು ಕೆರಳಿಸುತ್ತವೆ. ಮದ್ಯವೂ ಸೇರಿದರೆ ಹುಣ್ಣು, ರಕ್ತಸ್ರಾವದ ಅಪಾಯ ಹೆಚ್ಚು. ನೋವಿಗೆ ಬಿಸಿನೀರಿನ ಚೀಲ ಇಟ್ಟುಕೊಳ್ಳಿ, ನಿಜಕ್ಕೂ ಹಿತವಾಗುತ್ತದೆ.

ಎರಡು ಟೆಸ್ಟೂ ನೆಗೆಟಿವ್ ಬಂದು ಮುಟ್ಟು ಬರದಿದ್ದರೆ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಥೈರಾಯ್ಡ್, ಪಿಸಿಓಎಸ್ (ಹಾರ್ಮೋನ್ ಏರುಪೇರಾಗಿ ಅಂಡಾಣು ಸರಿಯಾಗಿ ಬಿಡುಗಡೆಯಾಗದ ತೊಂದರೆ), ತೂಕದ ಏರಿಳಿತ, ಕೆಲಸದ ಒತ್ತಡ, ಯಾವುದೂ ಕಾರಣವಿರಬಹುದು. ಎಲ್ಲವನ್ನೂ ಬಿಯರ್ ಮೇಲೆ ಹಾಕಿ ಸುಮ್ನೆ ಕೂತರೆ ಅವು ಹಾಗೇ ಉಳಿದುಬಿಡುತ್ತವೆ. ಮುಟ್ಟಾದಾಗ ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ ಮಾತ್ರ ಕಾಯಬೇಡಿ, ಅವತ್ತೇ ಹೋಗಿ.

‘ಕುಡಿಯುತ್ತೀರಾ?’ ಎಂದು ಕೇಳಿದರೆ ಎಷ್ಟೋ ಹುಡುಗಿಯರು ಮೊದಲು ಬಾಗಿಲ ಕಡೆ ನೋಡುತ್ತಾರೆ. ಹೊರಗೆ ಅಮ್ಮ ಕೂತಿರುತ್ತಾರೆ, ಅಲ್ವಾ? ಡಾಕ್ಟರ್ ಜೊತೆ ಒಬ್ಬಳೇ ಮಾತಾಡಬೇಕು ಅಂತ ಕೇಳಿ, ಅದು ನಿಮ್ಮ ಹಕ್ಕು. ಬಾಟಲಿ ಲೆಕ್ಕ ಇದ್ದ ಹಾಗೆ ಹೇಳಿ, ಹಿಂದಿನ ಮೂರು ತಿಂಗಳ ಡೇಟ್ ಫೋನಿನಲ್ಲಿ ಬರೆದುಕೊಂಡು ಹೋಗಿ.