ಬರಿ ಯಾವುದು ಅಂತ ಕೇಳಿದ ಅಮ್ಮ

ನಮಸ್ಕಾರ.

ನೀವು ಕಳಿಸಿದ ಏಳು ಕಿರು ಪ್ರಹಸನಗಳನ್ನು ಎರಡು ಸಲ ಓದಿದೆ. ಉಡುಪಿಯ ಇಬ್ಬರು ಹುಡುಗಿಯರು, ಮಂಗಳೂರಿನ ಇಬ್ಬರು ಹುಡುಗರು, ಸುತ್ತ ಮನೆಯವರು, ನೆರೆಕರೆಯವರು. "ನಮ್ಮೂರಿನ ಸಂಪ್ರದಾಯಸ್ಥರಿಗೆ ಕನ್ನಡಿ ಹಿಡಿಯುವ ಕ್ವಿಯರ್ ಕಾಮಿಡಿ, ಹಾಕ್ತೀರಾ?" ಅಂತ ಕೇಳಿದ್ದೀರಿ. ಈಗ ಇರುವ ಹಾಗೆ ಹಾಕುವುದಿಲ್ಲ. ಆದರೆ ಆರನೇ ಪ್ರಹಸನದಲ್ಲಿ ಒಂದು ಸಾಲು ಉಂಟು. ಅದಕ್ಕೋಸ್ಕರ ಇಷ್ಟುದ್ದ ಬರೆಯುತ್ತಿದ್ದೇನೆ.

ಮಗಳು ಅಮ್ಮನಿಗೆ ತನ್ನ ಗೆಳತಿಯ ವಿಷಯ ಹೇಳುತ್ತಾಳೆ. ತೆಂಗಿನಕಾಯಿ ತುರಿಯುತ್ತಿದ್ದ ಅಮ್ಮನ ಕೈ ನಿಲ್ಲುತ್ತದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಕೇಳುತ್ತಾರೆ: "ಅವಳ ಬರಿ ಯಾವುದು?"

ಆಫೀಸಿನಲ್ಲಿ ಒಬ್ಬನೇ ಕೂತು ಜೋರಾಗಿ ನಕ್ಕೆ. ಬರಿ ಅಂದರೆ ತಾಯಿಯ ಕಡೆಯಿಂದ ಬರುವ ಕುಲ, ಗೋತ್ರ ಇದ್ದ ಹಾಗೆ. ಒಂದೇ ಬರಿ ಅಂದರೆ ಒಡಹುಟ್ಟಿದವರ ಲೆಕ್ಕ, ಮದುವೆ ಸಂಬಂಧ ಕೂಡುವುದಿಲ್ಲ. ತುಳು ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಮ್ಮನ ತಲೆ ಮೊದಲು ಓಡಿದ್ದೇ ಅಲ್ಲಿಗೆ. ಅವಳು ಹುಡುಗಿ ಅನ್ನೋದು ಎರಡನೇ ಸಮಸ್ಯೆ! ಗೊತ್ತಿಲ್ಲದೇ ಅಮ್ಮ ಆ ಹುಡುಗಿಯನ್ನು ಸಂಬಂಧದ ಲೆಕ್ಕಕ್ಕೆ ಸೇರಿಸಿಯೂ ಆಯಿತು. ಇಷ್ಟು ಒಳ್ಳೆಯ ಜಾಗಕ್ಕೆ ಬಂದು ನೀವು ಎಂತ ಮಾಡಿದ್ದೀರಿ ಮಾರಾಯ್ರೆ? ಲೈಟ್ ಆಫ್. ಮಗಳು ಮುಂದೆ ಬಂದು ಪ್ರೇಕ್ಷಕರಿಗೆ ಒಂದೂವರೆ ಪುಟ ಭಾಷಣ. ಆ ಭಾಷಣದ ಒಂದೊಂದು ಮಾತನ್ನೂ ನಾನು ಒಪ್ಪುತ್ತೇನೆ, ಅದನ್ನು ಓದುವಾಗ ಎರಡು ಸಲ ಗಡಿಯಾರ ನೋಡಿದೆ.

ಉಳಿದ ಆರರಲ್ಲಿ ದೊಡ್ಡವರೆಲ್ಲ ಬರೀ ಪೆದ್ದರು. ಮಾವ ಕಿರುಚುತ್ತಾರೆ, ಪಕ್ಕದ ಮನೆಯವರು ಕಿರುಚುತ್ತಾರೆ. ನಮ್ಮೂರಿನ ಸಂಪ್ರದಾಯ ಅಷ್ಟೆಲ್ಲ ಕಿರುಚುವುದಿಲ್ಲ. ಅರ್ಧ ಹಲಸಿನಹಣ್ಣು ತಂದುಕೊಟ್ಟು, ಜಗಲಿಯಲ್ಲಿ ಕೂತು, ನಿಧಾನಕ್ಕೆ ವಿಚಾರಿಸುತ್ತದೆ. "ಹಾಗೆ" ಅನ್ನುವ ಪದ ನಿಮ್ಮ ಇಡೀ ಹಸ್ತಪ್ರತಿಯಲ್ಲಿ ಒಮ್ಮೆಯೂ ಬಂದಿಲ್ಲ. "ಅವ ಸ್ವಲ್ಪ ಹಾಗೆ ಅಂತೆ." ಹಾಗೆ ಅಂದರೆ ಹೇಗೆ ಅಂತ ಯಾರೂ ಕೇಳುವುದಿಲ್ಲ, ಎಲ್ಲರಿಗೂ ಅರ್ಥ ಆಗುತ್ತದೆ.

ಬಸ್ಸಿನ ಪ್ರಹಸನ ನೋಡಿ. ಉಡುಪಿಯಿಂದ ಮಂಗಳೂರಿಗೆ ಹೊರಟ ಪ್ರೈವೇಟ್ ಬಸ್ಸು, ಇಬ್ಬರು ಹುಡುಗರು ಕೈ ಹಿಡಿದು ಕೂತಿದ್ದಾರೆ, ಕಂಡಕ್ಟರ್ ಬೈದು ಇಳಿಸುತ್ತಾನೆ. ಎರಡು ನಿಮಿಷಕ್ಕೇ ಮುಗಿಯಿತು. ನಿಮ್ಮ ಹತ್ತಿರ ಸುಮಾರು 60 ಕಿಲೋಮೀಟರ್ ರಸ್ತೆ ಇತ್ತಲ್ವಾ? ಕಟಪಾಡಿಯಲ್ಲಿ ಒಬ್ಬರು ಹೆಂಗಸು ಹತ್ತಲಿ. ಕಾಪುವಿಗೆ ಬರುವಾಗ "ನಿಮ್ಮದು ಎಲ್ಲಿ ಆಯ್ತು?" ಪಡುಬಿದ್ರಿಯಲ್ಲಿ ಕೆಲಸ ಎಂತ, ಸಂಬಳ ಎಷ್ಟು. ಮೂಲ್ಕಿ ಬಂದಾಗ ಮದುವೆ. ಸುರತ್ಕಲ್ ಹತ್ತಿರ ಮೊಬೈಲು ತೆಗೆದು ತಂಗಿಯ ಮಗಳ ಫೋಟೋ ತೋರಿಸಲಿ, ಇಬ್ಬರಿಗೂ. ಅಷ್ಟೂ ಹೊತ್ತು ಆ ಹುಡುಗರ ಕೈ ಎಲ್ಲಿದೆ ಅನ್ನೋದೇ ನಾಟಕ. ಕಂಡಕ್ಟರ್ ಪಾಪ, ಅವನಿಗೆ ಚಿಲ್ಲರೆಯದ್ದೇ ತಲೆಬಿಸಿ.

ನಾಲ್ಕನೆಯದರಲ್ಲಿ ಒಂದು ತಪ್ಪಿದೆ. ಕತೆ ನಡೆಯುವುದು 2025ರಲ್ಲಿ, ಮಾವ "377 ಉಂಟು, ಪೊಲೀಸರು ಹಿಡೀತಾರೆ" ಅಂತ ಹೆದರಿಸುತ್ತಾರೆ, ಹುಡುಗನೂ ಹೆದರುತ್ತಾನೆ. 377 ಅಂದರೆ ಸಲಿಂಗ ಸಂಬಂಧವನ್ನು ಅಪರಾಧ ಮಾಡಿದ್ದ ಹಳೇ ಐಪಿಸಿ ಸೆಕ್ಷನ್. ವಯಸ್ಕರು ಒಪ್ಪಿ ಇರುವ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಐಪಿಸಿಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಂತೂ ಆ ಸೆಕ್ಷನ್ನೇ ಇಲ್ಲ. ಮಾವನಿಗೆ ಗೊತ್ತಿಲ್ಲದಿರಬಹುದು, ಫೋನು ಹಿಡಿದುಕೊಂಡೇ ಮಲಗುವ ಹುಡುಗನಿಗೂ ಗೊತ್ತಿಲ್ವಾ? ಇನ್ನು ಮದುವೆ. ಅದಕ್ಕೆ ಕೋರ್ಟ್ 2023ರ ಅಕ್ಟೋಬರ್ 17ರಂದು ಒಪ್ಪಲಿಲ್ಲ, ಸಂಸತ್ತು ನೋಡಿಕೊಳ್ಳಲಿ ಅಂದಿತು. ಅಂದರೆ ಪೊಲೀಸರ ಹೆದರಿಕೆ ಹೋಯಿತು, ಮದುವೆಯ ಪಾಯಸ ಬರಲಿಲ್ಲ. ಈ ನಡುವಿನ ಜಾಗದಲ್ಲಿ ಬೇಕಾದಷ್ಟು ನಗು ಇದೆ. ಮಣಿಪಾಲದ ಮನೆ ಓನರ್ ನಿಮ್ಮ ಇಬ್ಬರು ಹುಡುಗಿಯರಿಗೆ ಖುಷಿಯಿಂದ ಕೀ ಕೊಡುತ್ತಾರೆ: "ನೀವಿಬ್ಬರೇ ಅಲ್ವಾ? ಹುಡುಗರು ಯಾರೂ ಬರ್ಲಿಕ್ಕಿಲ್ಲ ಅಲ್ವಾ?" ಇದು ನಿಮ್ಮದೇ ಸಾಲು, ಎರಡನೇ ಪ್ರಹಸನದ ಮೂಲೆಯಲ್ಲಿ ಬಿದ್ದಿದೆ. ಅದನ್ನು ಎತ್ತಿ ನಡುವೆ ತನ್ನಿ.

ಯಕ್ಷಗಾನದ ಪ್ರಹಸನ ತೆಗೆದುಬಿಡಿ. ಸ್ತ್ರೀವೇಷ ಮಾಡುವವರು ಅಂದ ಕೂಡಲೇ "ಓಹೋ" ಅಂತ ಕಣ್ಣು ಮಿಟುಕಿಸೋದು ಊರಿನವರ ಹಳೇ ಜೋಕು. ಅದನ್ನೇ ನೀವೂ ಹೇಳಿದರೆ ನಿಮಗೂ ಅವರಿಗೂ ಎಂತ ವ್ಯತ್ಯಾಸ? ರಾತ್ರಿಯಿಡೀ ದಮಯಂತಿಯಾಗಿದ್ದವರು ಬೆಳಗ್ಗೆ ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಎಣ್ಣೆ ಹಚ್ಚಿ ಬಣ್ಣ ಒರೆಸಿ, ಚೀಲ ಹೆಗಲಿಗೆ ಹಾಕಿ ಮೊದಲ ಬಸ್ಸು ಹಿಡಿಯುತ್ತಾರೆ. ಅದು ಕಸುಬು. ಆಟದಿಂದ ಕಲಿಯುವುದಿದ್ದರೆ ಹಾಸ್ಯಗಾರರಿಂದ ಕಲಿಯಿರಿ. ರಾಜ ಗ್ರಂಥದ ಕನ್ನಡ ಮಾತಾಡುವಾಗ ಪಕ್ಕದಲ್ಲಿ ಅವರು ಮನೆಮಾತಿನಲ್ಲಿ ಒಂದು ಸಣ್ಣ ಸಂಶಯ ಕೇಳುತ್ತಾರೆ, ಸಭೆ ಬಿದ್ದು ನಗುತ್ತದೆ. ಅವರೇ ಮಾಡುವ ಬಾಹುಕನನ್ನು ನೋಡಿದ್ದೀರಾ? ವಕ್ರ ಮೈ, ಅಡುಗೆಯವ, ಎಲ್ಲರಿಗೂ ನಗು. ಅವನು ನಳ ಅಂತ ನಮಗೆ ಗೊತ್ತು, ಎದುರಿಗಿರುವ ಹೆಂಡತಿಗೆ ಅವನು ಹೇಳುವ ಹಾಗಿಲ್ಲ. ನಿಮ್ಮ ಹುಡುಗ ಪ್ರತಿ ಭಾನುವಾರ ಮನೆಯವರ ಜೊತೆ ಊಟಕ್ಕೆ ಕೂರುತ್ತಾನಲ್ಲ, ಅವನು ಯಾರು ಮತ್ತೆ?

ಸಣ್ಣ ಸಂಗತಿಗಳು. ಕದ್ರಿಯ ಹುಡುಗ "ಏನ್ ಗುರು" ಅನ್ನುವುದಿಲ್ಲ. ಗೇ ಅಂದದ್ದು ಅಜ್ಜಿಗೆ ಗೇರುಬೀಜ ಅಂತ ಕೇಳಿಸುವ ಜೋಕು ಮೂರು ಕಡೆ ಇದೆ, ಒಂದು ಇರಲಿ.

ಹೆಣ್ಣಿಗನ ಹಾಗೆ ನಡೆದು ತೋರಿಸುವ ಪಾತ್ರಗಳ ಬಗ್ಗೆ ನೀವು ಪತ್ರದಲ್ಲಿ ಸಿಟ್ಟಾಗಿದ್ದೀರಿ. ಸಿಟ್ಟು ಸರಿ. ಕಾಲೇಜು ವಾರ್ಷಿಕೋತ್ಸವಕ್ಕೆ ಅಂಥದ್ದೊಂದು ಪಾತ್ರವನ್ನು ನಾನೂ ಬರೆದಿದ್ದೆ, ಭಾರೀ ಚಪ್ಪಾಳೆ ಬಿತ್ತು. ಮೂರನೇ ಸಾಲಿನಲ್ಲಿ ಕೂತ ಒಬ್ಬ ಹುಡುಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ. ಅವನು ಯಾಕೆ ಅಷ್ಟು ಜೋರಾಗಿ ನಕ್ಕ ಅಂತ ನನಗೆ ಹೊಳೆಯಲಿಕ್ಕೆ ಹದಿನೈದು ವರ್ಷ ಬೇಕಾಯಿತು. ಅವನ ಬಗ್ಗೆ ಒಂದು ಪ್ರಹಸನ ನಿಮ್ಮಿಂದ ಆಗಬಹುದೇನೋ. ನನ್ನಿಂದ ಆಗಲಿಲ್ಲ.

ಬಸ್ಸು ಮತ್ತು ಅಮ್ಮ, ಎರಡೇ ಸಾಕು. ತಿದ್ದಿ ಕಳಿಸಿ. ಭಾಷಣ ತೆಗೆದ ಮೇಲೆ ಅಮ್ಮನ ಪ್ರಶ್ನೆಗೆ ಮಗಳು ಉತ್ತರ ಕೊಡಲೇಬೇಕಾಗುತ್ತದೆ. ಬರಿ ಯಾವುದು ಅಂತ ಅವಳಿಗೆ ಗೊತ್ತಿದೆಯಾ? ಗೊತ್ತಿಲ್ಲದೆ ಅಲ್ಲೇ ಗೆಳತಿಗೆ ಫೋನು ಮಾಡಿ ಕೇಳುತ್ತಾಳಾ?