ಬಾಣಕ್ಕೊಂದು ಕ್ರಿಯಾಪದ ಕೊಡಿ

ರೇಖಾಚಿತ್ರಗಳ ಮೂಲಕ ಪಾಠ ಹೇಳುವುದರ ಬಗ್ಗೆ ನನಗೆ ಬರುವ ಪತ್ರಗಳು ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಬೇರೆ ಬೇರೆ ವೇಷದಲ್ಲಿ ಕೇಳುತ್ತವೆ. ಆ ಪ್ರಶ್ನೆಗೆ ಈ ಬಾರಿ ವಿವರವಾಗಿ ಉತ್ತರಿಸಿ, ಮತ್ತೆ ಅದರ ತಂಟೆಗೆ ಹೋಗಬಾರದೆಂದು ನಿರ್ಧರಿಸಿದ್ದೇನೆ. ಚಿತ್ರಕ್ಕೆ ಶೀರ್ಷಿಕೆ ಇರಬೇಕು, ಭಾಗಗಳ ಹೆಸರು ಆಯಾ ಭಾಗಗಳ ಪಕ್ಕದಲ್ಲೇ ಇರಬೇಕು ಎಂಬಂಥ ಮಾತುಗಳನ್ನು ಇಲ್ಲಿ ಹೇಳುವುದಿಲ್ಲ; ಅವು ಓದುಗರಿಗೆ ಗೊತ್ತಿವೆ ಎಂದುಕೊಳ್ಳುತ್ತೇನೆ.

ಪ್ರಶ್ನೆ: ನಾನು ವಿಜ್ಞಾನ ಮತ್ತು ಸಮಾಜ ವಿಜ್ಞಾನ ಎರಡನ್ನೂ ಬೋಧಿಸುತ್ತೇನೆ. ಪ್ರತಿ ಪಾಠಕ್ಕೂ ಚೌಕಗಳೂ ಬಾಣಗಳೂ ಇರುವ ಒಂದು ಚಿತ್ರವನ್ನು ಬರೆಯುತ್ತೇನೆ. ಮಕ್ಕಳು ಅದನ್ನು ಅಂದವಾಗಿ ಬರೆದುಕೊಳ್ಳುತ್ತಾರೆ, ಆದರೆ ವಿವರಿಸಿ ಎಂದರೆ ತಪ್ಪು ಹೇಳುತ್ತಾರೆ. ಇನ್ನಷ್ಟು ಬಣ್ಣ ಬಳಸಬೇಕೆ?

ಉತ್ತರ: ಬಣ್ಣದಿಂದ ಏನೂ ಆಗುವುದಿಲ್ಲ. ನಿಮ್ಮ ಬಾಣಗಳಿಗೆ ಏನರ್ಥವೆಂದು ನೀವು ಹೇಳಿಲ್ಲ, ಮಕ್ಕಳು ಕೇಳಿಲ್ಲ, ತೊಡಕಿರುವುದು ಅಲ್ಲಿ. ನೀವು ಕಳುಹಿಸಿರುವ ಆಹಾರ ಸರಪಳಿಯನ್ನೇ ನೋಡಿ. ಹುಲ್ಲಿನಿಂದ ಮಿಡತೆಗೆ, ಮಿಡತೆಯಿಂದ ಕಪ್ಪೆಗೆ, ಕಪ್ಪೆಯಿಂದ ಹಾವಿಗೆ ಬಾಣಗಳು ಹೋಗಿವೆ. ಆಹಾರದಲ್ಲಿರುವ ಶಕ್ತಿ ಯಾವುದರಿಂದ ಯಾವುದಕ್ಕೆ ಸಾಗುತ್ತದೆ ಎಂಬುದನ್ನು ಅವು ತೋರಿಸುತ್ತವೆ. ಮಗುವಾದರೋ ಬಾಣವನ್ನು ‘ತಿನ್ನುತ್ತದೆ’ ಎಂದು ಓದಿಕೊಳ್ಳುತ್ತದೆ; ಹಾಗೆ ಓದಿದರೆ ಹುಲ್ಲು ಮಿಡತೆಯನ್ನು ತಿಂದಂತಾಗುತ್ತದೆ. ಅದು ಆಗದ ಮಾತೆಂದು ಗೊತ್ತಿರುವುದರಿಂದ ಮಗು ಪರೀಕ್ಷೆಯಲ್ಲಿ ಬಾಣವನ್ನೇ ತಿರುಗಿಸಿ ಬರೆಯುತ್ತದೆ, ನೀವು ಅಂಕ ಕಳೆಯುತ್ತೀರಿ. ಅದಕ್ಕೆ ಜೀವವಿಜ್ಞಾನ ಸರಿಯಾಗಿಯೇ ಬರುತ್ತದೆ. ಬಾರದಿರುವುದು ನಿಮ್ಮ ಚಿತ್ರದ ವ್ಯಾಕರಣ.

ಇದೇ ಮಗು ಮುಂದಿನ ತರಗತಿಯಲ್ಲಿ ಬಲದ ಚಿತ್ರವನ್ನು ಎದುರಿಸುತ್ತದೆ. ಅಲ್ಲಿ ಬಾಣದ ಉದ್ದವೇ ಬಲದ ಪರಿಮಾಣ. ಆಹಾರ ಸರಪಳಿಯಲ್ಲಿ ಉದ್ದಕ್ಕೆ ಯಾವ ಅರ್ಥವೂ ಇರಲಿಲ್ಲ. ವಿದ್ಯುತ್ ಮಂಡಲದ ಚಿತ್ರದಲ್ಲಿ ಬಾಣ ಬ್ಯಾಟರಿಯ ಧನ ಧ್ರುವದಿಂದ ಹೊರಟು ತಂತಿಯ ಮೂಲಕ ಋಣ ಧ್ರುವಕ್ಕೆ ಬರುತ್ತದೆ, ತಂತಿಯೊಳಗಿನ ಎಲೆಕ್ಟ್ರಾನುಗಳು ಅದರ ವಿರುದ್ಧ ದಿಕ್ಕಿಗೆ ಸರಿಯುತ್ತವೆ. 1897ರಲ್ಲಿ ಎಲೆಕ್ಟ್ರಾನ್ ಪತ್ತೆಯಾಗುವುದಕ್ಕೆ ಬಹಳ ಮೊದಲೇ ಆ ರೂಢಿ ನೆಲೆಯೂರಿತ್ತು ಎಂಬ ಒಂದು ವಾಕ್ಯವನ್ನು ಹೇಳದೆ ಆ ಬಾಣವನ್ನು ಬರೆಯುವುದು ಮಗುವಿಗೆ ಮಾಡುವ ಮೋಸವೇ ಸರಿ. ಕಂಪ್ಯೂಟರ್ ಪಾಠದ ಫ್ಲೋಚಾರ್ಟಿನಲ್ಲಿ ಬಾಣವೆಂದರೆ ‘ಇದಾದ ಮೇಲೆ ಇದನ್ನು ಮಾಡು’ ಎಂಬ ಅಪ್ಪಣೆ ಮಾತ್ರ, ಅಲ್ಲಿ ಏನೂ ಎಲ್ಲಿಗೂ ಹರಿಯುವುದಿಲ್ಲ. ಈ ವಿಷಯದಲ್ಲಿ ರಸಾಯನಶಾಸ್ತ್ರದವರು ಉಳಿದವರಿಗಿಂತ ಶಿಸ್ತಿನವರು. ಕ್ರಿಯೆ ನಡೆಯುವ ದಿಕ್ಕಿಗೆ ಒಂದು ಬಾಣ, ಸಮತೋಲನಕ್ಕೆ ಎದುರುಬದುರಾದ ಎರಡು ಅರೆಬಾಣಗಳು, ಎಲೆಕ್ಟ್ರಾನ್ ಜೋಡಿಯ ಚಲನೆಗೆ ಬಾಗಿದ ಬಾಣ ಎಂದು ಅವರು ಆಕಾರವನ್ನೇ ಬೇರ್ಪಡಿಸಿಟ್ಟಿದ್ದಾರೆ.

ಅತಿ ಹೆಚ್ಚು ಹಾನಿಯಾಗುವುದು ಇತಿಹಾಸದ ಪಾಠದಲ್ಲಿ. ನಿಮ್ಮ ಇನ್ನೊಂದು ಚಿತ್ರದಲ್ಲಿ ‘ಮುದ್ರಣ ಯಂತ್ರ’ ಎಂಬ ಚೌಕದಿಂದ ‘ಧರ್ಮ ಸುಧಾರಣೆ’ ಎಂಬ ಚೌಕಕ್ಕೆ ಒಂದು ದಪ್ಪ ಬಾಣವಿದೆ. ಗುಟೆನ್‌ಬರ್ಗ್ ಬೈಬಲ್ ಮುದ್ರಿಸಿದ್ದು 1450ರ ದಶಕದಲ್ಲಿ, ಯುರೋಪಿನ ಕ್ರೈಸ್ತ ಧರ್ಮ ಸುಧಾರಣೆಗೆ ನಾಂದಿ ಹಾಡಿದ ಲೂಥರ್ ತನ್ನ ವಾದಗಳನ್ನು ಮುಂದಿಟ್ಟದ್ದು 1517ರಲ್ಲಿ. ನಡುವೆ ಆರು ದಶಕಗಳಿವೆ. ಹಾಗಾದರೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಯಿತೆ, ಅದನ್ನು ಸಾಧ್ಯವಾಗಿಸಿತೆ, ಅದಕ್ಕೆ ವೇಗ ಕೊಟ್ಟಿತೆ, ಅಥವಾ ಕೇವಲ ಅದಕ್ಕಿಂತ ಮೊದಲು ನಡೆಯಿತೆ? ಇದನ್ನೇ ವಾಕ್ಯವಾಗಿ ಬರೆದಿದ್ದರೆ ಈ ನಾಲ್ಕು ಕ್ರಿಯಾಪದಗಳಲ್ಲಿ ಒಂದನ್ನು ನೀವು ಆರಿಸಿಕೊಳ್ಳಲೇಬೇಕಾಗುತ್ತಿತ್ತು, ಆರಿಸಿದ್ದಕ್ಕೆ ಆಧಾರವನ್ನೂ ಕೊಡಬೇಕಾಗುತ್ತಿತ್ತು. ಬಾಣ ಆ ಹೊಣೆಯಿಂದ ನಿಮ್ಮನ್ನು ಪಾರುಮಾಡಿತು. ಚಿತ್ರ ಪಾಠವನ್ನು ಸುಲಭ ಮಾಡುತ್ತದೆ ಎನ್ನುವವರು ಅನೇಕ ಸಲ ಈ ಪಲಾಯನವನ್ನೇ ಸುಲಭವೆಂದು ಕರೆಯುತ್ತಿರುತ್ತಾರೆ.

ಪರಿಹಾರ ಹೊಸದೇನಲ್ಲ. 1970ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಜೋಸೆಫ್ ನೊವಾಕ್ ಮತ್ತು ಅವರ ಸಂಗಡಿಗರು ಪರಿಕಲ್ಪನಾ ನಕ್ಷೆಯನ್ನು ರೂಪಿಸಿದಾಗ, ಎರಡು ಪರಿಕಲ್ಪನೆಗಳನ್ನು ಕೂಡಿಸುವ ಪ್ರತಿ ಗೆರೆಯ ಮೇಲೂ ಕೂಡಿಸುವ ಮಾತನ್ನು ಬರೆಯುವುದು ಅದರ ಜೀವಾಳವಾಗಿತ್ತು; ಹಾಗಿದ್ದರೆ ಮಾತ್ರ ಎರಡು ಚೌಕಗಳೂ ಒಂದು ಗೆರೆಯೂ ಸೇರಿ, ಸರಿಯೋ ತಪ್ಪೋ ಎಂದು ಪರೀಕ್ಷಿಸಬಹುದಾದ ಒಂದು ಹೇಳಿಕೆಯಾಗುತ್ತವೆ. ಈಗ ಅದೇ ಹೆಸರಿನಲ್ಲಿ ಬರೆಯುವ ಜೇಡನ ಬಲೆಗಳಲ್ಲಿ ಆ ಮಾತುಗಳೇ ಮಾಯವಾಗಿವೆ. ಆದ್ದರಿಂದ ಪ್ರತಿ ಬಾಣದ ಮೇಲೂ ಕ್ರಿಯಾಪದವನ್ನು ಬರೆಯಿರಿ. ‘ಹುಲ್ಲು ಮಿಡತೆಗೆ ಶಕ್ತಿಯನ್ನು ಕೊಡುತ್ತದೆ’ ಎಂದು ಮಕ್ಕಳು ಚಿತ್ರವನ್ನು ಗಟ್ಟಿಯಾಗಿ ಓದಲಿ. ಓದಲು ಬಾರದ ಬಾಣವನ್ನು ಅಳಿಸಿಹಾಕಿ. ಒಂದೇ ಚಿತ್ರದಲ್ಲಿ ಎರಡು ಕ್ರಿಯಾಪದಗಳಿದ್ದರೆ ಒಂದಕ್ಕೆ ಗೆರೆಬಾಣ, ಇನ್ನೊಂದಕ್ಕೆ ಚುಕ್ಕೆಬಾಣ ಇರಲಿ.

ಇದನ್ನು ನಾನೂ ಪೆಟ್ಟು ತಿಂದೇ ಕಲಿತದ್ದು. ಹಿಂದೊಮ್ಮೆ ಸಾರಜನಕ ಚಕ್ರವನ್ನು ಬರೆಯುವಾಗ, ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಆಗಿ ಬದಲಿಸುವುದಕ್ಕೂ ಆ ನೈಟ್ರೇಟನ್ನು ಗಿಡದ ಬೇರು ಹೀರಿಕೊಳ್ಳುವುದಕ್ಕೂ ಒಂದೇ ಬಗೆಯ ಬಾಣ ಹಾಕಿದ್ದೆ. ನೈಟ್ರೇಟ್ ಗಿಡವಾಗಿ ಬದಲಾಗುವುದು ಹೇಗೆ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಚಿತ್ರ ಹೇಳಿದ್ದನ್ನೇ ಅವಳು ಓದಿದ್ದಳು. ಅಂದಿನಿಂದ ಬಾಣಗಳು ಎಂಟನ್ನು ದಾಟಿದರೆ ನಾನು ಚಿತ್ರವನ್ನು ಎರಡಾಗಿ ಒಡೆಯುತ್ತೇನೆ. ಎಂಟು ಎಂಬುದಕ್ಕೆ ಶಾಸ್ತ್ರಾಧಾರವೇನೂ ಇಲ್ಲ, ಅದು ನನ್ನ ಅಂಜಿಕೆಯ ಲೆಕ್ಕ.

ಪ್ರಶ್ನೆ: ನನ್ನ ಮಗ ‘ದೃಶ್ಯ ಕಲಿಕೆಯ’ ವರ್ಗಕ್ಕೆ ಸೇರಿದವನೆಂದು ಶುಲ್ಕ ಪಡೆದು ಪರೀಕ್ಷೆ ಮಾಡಿದವರೊಬ್ಬರು ತಿಳಿಸಿದ್ದಾರೆ. ಅವನಿಗೆ ಎಲ್ಲವನ್ನೂ ಚಿತ್ರಗಳಲ್ಲೇ ಕಲಿಸಬೇಕೆ?

ಉತ್ತರ: ಶುಲ್ಕವನ್ನು ಮರಳಿ ಕೇಳಿ. ಮಕ್ಕಳನ್ನು ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ವಿಂಗಡಿಸಿ, ಆಯಾ ಶೈಲಿಗೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎಂಬುದಕ್ಕೆ ತಕ್ಕಷ್ಟು ಪುರಾವೆ ಇಲ್ಲವೆಂದು ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನೋವಿಜ್ಞಾನಿಗಳು 2008ರಲ್ಲೇ ಸಂಶೋಧನೆಗಳನ್ನು ಪರಿಶೀಲಿಸಿ ಬರೆದಿದ್ದಾರೆ. ಮಾಧ್ಯಮವನ್ನು ನಿರ್ಧರಿಸಬೇಕಾದದ್ದು ಮಗುವಿನ ಮೇಲೆ ಅಂಟಿಸಿದ ಚೀಟಿಯಲ್ಲ, ಪಾಠದ ವಸ್ತು: ಹೃದಯದ ಕವಾಟಗಳನ್ನು ಎಲ್ಲರೂ ಚಿತ್ರದಲ್ಲಿ ನೋಡಬೇಕು, ಷಟ್ಪದಿಯ ಲಯವನ್ನು ಎಲ್ಲರೂ ಕಿವಿಯಲ್ಲೇ ಕೇಳಬೇಕು. ಇಂಥ ಪರೀಕ್ಷೆ ಮಾಡುವವರು, ‘ಓದಿದ್ದರಲ್ಲಿ ಶೇಕಡಾ 10, ನೋಡಿದ್ದರಲ್ಲಿ ಶೇಕಡಾ 30 ನೆನಪಿರುತ್ತದೆ’ ಎಂದು ಹೇಳುವ ಶಂಕುವಿನಾಕಾರದ ಚಿತ್ರವನ್ನೂ ತೋರಿಸುತ್ತಾರೆ. ಅಮೆರಿಕದ ಶಿಕ್ಷಣತಜ್ಞ ಎಡ್ಗರ್ ಡೇಲ್ 1946ರಲ್ಲಿ ಪ್ರಕಟಿಸಿದ ಶಂಕುವಿನಲ್ಲಿ ಒಂದೇ ಒಂದು ಶೇಕಡಾವಾರು ಅಂಕಿಯೂ ಇರಲಿಲ್ಲ. ಅವನ್ನೆಲ್ಲ ಆಮೇಲಿನವರು ಅಂಟಿಸಿದರು.

ಪ್ರಶ್ನೆ: ಮನೋವಿಜ್ಞಾನಿ ಮಾಸ್ಲೊ ಅವರ, ಮನುಷ್ಯನ ಅಗತ್ಯಗಳ ಪಿರಮಿಡ್ಡನ್ನು ಮೂಲದಲ್ಲಿ ಇರುವಂತೆಯೇ ಬರೆಯುವುದು ಹೇಗೆ?

ಉತ್ತರ: ಅವರ 1943ರ ಮೂಲ ಪ್ರಬಂಧದಲ್ಲಿ ಪಿರಮಿಡ್ ಇಲ್ಲ, ಆದ್ದರಿಂದ ಬರೆಯದೆ ಬಿಡುವುದೇ ಮೂಲಕ್ಕೆ ನಿಷ್ಠೆ.

ಪ್ರಶ್ನೆ: ಮೂರು ಆಯಾಮದ ಪೈ ಚಿತ್ರ ಹೆಚ್ಚು ಆಕರ್ಷಕವಲ್ಲವೆ?

ಉತ್ತರ: ಮುಂದಿರುವ ತುಂಡು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಬೇಡ.

ಪ್ರಶ್ನೆ: ನಾಲಿಗೆಯ ತುದಿಯಲ್ಲಿ ಸಿಹಿ, ಹಿಂಭಾಗದಲ್ಲಿ ಕಹಿ ಎಂದು ತೋರಿಸುವ ಚಿತ್ರವನ್ನು ಬಳಸಬಹುದೆ?

ಉತ್ತರ: ತಪ್ಪು ಚಿತ್ರಕ್ಕೆ ಉದಾಹರಣೆಯಾಗಿ ಮಾತ್ರ.

ಪ್ರಶ್ನೆ: ಭೂಮಿಯ ಕಕ್ಷೆ ದೀರ್ಘವೃತ್ತ ಎನ್ನುತ್ತಾರೆ. ಕಪ್ಪುಹಲಗೆಯ ಮೇಲೆ ಅದನ್ನು ಎಷ್ಟು ಚಪ್ಪಟೆಯಾಗಿ ಬರೆಯಬೇಕು?

ಉತ್ತರ: ಚಪ್ಪಟೆಯಾಗಿ ಬರೆಯಲೇಬೇಡಿ, ಕೈವಾರದಿಂದ ವೃತ್ತವನ್ನು ಎಳೆಯಿರಿ. ಭೂಮಿ ಸೂರ್ಯನಿಗೆ ಅತಿ ಸಮೀಪವಾಗುವುದು ಜನವರಿಯ ಮೊದಲ ದಿನಗಳಲ್ಲಿ, ಸುಮಾರು 14.7 ಕೋಟಿ ಕಿಲೋಮೀಟರ್ ದೂರಕ್ಕೆ. ಅತಿ ದೂರವಾಗುವುದು ಜುಲೈ ಆರಂಭದಲ್ಲಿ, ಸುಮಾರು 15.2 ಕೋಟಿ ಕಿಲೋಮೀಟರಿಗೆ. 10 ಸೆಂಟಿಮೀಟರ್ ತ್ರಿಜ್ಯದ ಚಿತ್ರದಲ್ಲಿ ಈ ಕಕ್ಷೆಯ ಉದ್ದನೆಯ ಮತ್ತು ಗಿಡ್ಡನೆಯ ತ್ರಿಜ್ಯಗಳ ನಡುವಿನ ವ್ಯತ್ಯಾಸ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು, ಅಂದರೆ ನಿಮ್ಮ ಪೆನ್ಸಿಲ್ ಗೆರೆಯ ದಪ್ಪಕ್ಕಿಂತ ಎಷ್ಟೋ ಕಡಿಮೆ. ಸೂರ್ಯನನ್ನು ಕೇಂದ್ರದಿಂದ 1.7 ಮಿಲಿಮೀಟರ್ ಪಕ್ಕಕ್ಕೆ ಇಟ್ಟರೆ ಚಿತ್ರ ಸರಿಯಾಗುತ್ತದೆ. ಪಠ್ಯಪುಸ್ತಕಗಳಲ್ಲಿ ಮೊಟ್ಟೆಯಂತೆ ಕಾಣುವುದು ಓರೆಯಿಂದ ನೋಡಿದ ವೃತ್ತ. ಅದನ್ನೇ ನಿಜವಾದ ಆಕಾರವೆಂದು ನಂಬಿದ ಮಕ್ಕಳು, ಸೂರ್ಯ ಹತ್ತಿರವಾದಾಗ ಬೇಸಿಗೆ ಬರುತ್ತದೆಂದು ಬರೆಯುತ್ತಾರೆ. ಋತುಗಳಿಗೆ ನಿಜವಾದ ಕಾರಣವಾದ ಭೂಮಿಯ ಅಕ್ಷದ ಓರೆಯನ್ನು ತೋರಿಸಲು ಆ ಚಿತ್ರವೇ ಬೇಕೆನಿಸಿದರೆ, ಅದರ ಕೆಳಗೆ ‘ಓರೆಯಿಂದ ಕಂಡಂತೆ’ ಎಂಬ ಎರಡು ಪದಗಳನ್ನು ಬರೆಯಿರಿ.