ಕುಮಟಾದಿಂದ ಲಡಾಖ್‌ಗೆ ಎಂಟು ಜನ: ಮನಾಲಿ ದಾರಿಯೋ, ಶ್ರೀನಗರದ ದಾರಿಯೋ?

ಕುಮಟಾದ ಎಂಟು ಜನ, ಎರಡು ವಾಹನ, ಇಪ್ಪತ್ನಾಲ್ಕು ದಿನಗಳ ರಜೆ, ಜೊತೆಗೆ 58 ವರ್ಷದ ಸೋದರಮಾವ. ಯಾವ ದಾರಿಯಲ್ಲಿ ಹತ್ತಬೇಕು, ಲಡಾಖ್‌ನ ಪೂಗಾ ಕಣಿವೆಯಲ್ಲಿ ಜ್ವಾಲಾಮುಖಿ ನೋಡಲು ಸಿಗುತ್ತದೆಯೇ ಎಂದು ಕೇಳಿದ್ದೀರಿ. ನಾನು ಶಿರಸಿಯವನು. ಗೆಳೆಯರೊಂದಿಗೆ ಎರಡು ಬಾರಿ ಹೊರಟಿದ್ದೇನೆ, ಮೊದಲ ಬಾರಿ ಲೇಹ್ ತಲುಪಲಿಲ್ಲ. ಶ್ರೀನಗರದ ದಾರಿಯಲ್ಲಿ ಹತ್ತಿ, ಮನಾಲಿಯ ದಾರಿಯಲ್ಲಿ ಇಳಿಯಿರಿ.

ಮೊದಲ ಸಲ ನಾವು ಆರು ಜನ ಮನಾಲಿಯಿಂದ ಬೆಳಿಗ್ಗೆ ಹೊರಟು, ಅಟಲ್ ಸುರಂಗ ದಾಟಿ, ಕತ್ತಲಾಗುವಾಗ ಸರ್ಚು ಸೇರಿ ಗುಡಾರದಲ್ಲಿ ಮಲಗಿದೆವು. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ, ಸರ್ಚು ಸುಮಾರು 4,290. ಅಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ನಮ್ಮ ಕಡಲತೀರದಲ್ಲಿ ಸಿಗುವುದರ ನೂರಕ್ಕೆ ಅರವತ್ತರಷ್ಟು ಮಾತ್ರ. ನಮ್ಮಲ್ಲಿ ಎಲ್ಲರಿಗಿಂತ ಗಟ್ಟಿಮುಟ್ಟಾಗಿದ್ದವನು ಕಾರವಾರದ ಗೆಳೆಯ, ದಿನವೂ ಸಮುದ್ರದಲ್ಲಿ ಈಜುವವನು. ರಾತ್ರಿ ಅವನಿಗೆ ತಲೆನೋವು, ವಾಂತಿ. ಬೆಳಗಿನ ಜಾವ ಗುಡಾರದಿಂದ ಹೊರಗೆ ಬಂದವನಿಗೆ ನಾಲ್ಕು ಹೆಜ್ಜೆ ನೇರವಾಗಿ ಇಡಲಾಗಲಿಲ್ಲ. ಎತ್ತರದಲ್ಲಿ ಆಮ್ಲಜನಕ ಸಾಲದೆ ಬರುವ ಈ ಕಾಯಿಲೆ ದೇಹದ ಕಸುವು ನೋಡಿ ಬರುವುದಿಲ್ಲ. ನಡಿಗೆ ತಪ್ಪಿದರೆ, ಮಾತು ತೊದಲಿದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ ಮದ್ದು ಕೊಟ್ಟು ಕಾಯುತ್ತ ಕೂರಬಾರದು, ತಕ್ಷಣ ಇಳಿಸಬೇಕು.

ಆದರೆ ಸರ್ಚುವಿನಿಂದ ಇಳಿಯಬೇಕಾದರೆ ಮೊದಲು ಹತ್ತಲೇಬೇಕು. ಮುಂದಕ್ಕೆ ಹೋದರೆ 5,000 ಮೀಟರ್ ಮೀರಿದ ಲಾಚುಲುಂಗ್ ಲಾ (ಲಾ ಎಂದರೆ ಬೆಟ್ಟ ದಾಟುವ ಘಾಟಿ), ಹಿಂದಕ್ಕೆ ಬಂದರೆ ಸುಮಾರು 4,890 ಮೀಟರ್‌ನ ಬಾರಾಲಾಚಾ ಘಾಟಿ. ಆ ಹೊತ್ತಿನಲ್ಲಿ ಇಬ್ಬರು ಗೆಳೆಯರು ಒಂದು ವಾಹನ ಮುಂದೆ ಹೋಗಲಿ, ಇನ್ನೊಂದು ಹಿಂದಿರುಗಲಿ ಎಂದರು. ಅವನು ಕಂಬಳಿ ಹೊದ್ದು ಸೀಟಿಗೆ ಒರಗಿದ್ದಾಗ ನಾವು ಹೊರಗೆ ಅರ್ಧ ಗಂಟೆ ವಾದಿಸಿದೆವು. ಆ ಅರ್ಧ ಗಂಟೆಯನ್ನು ನೆನೆದರೆ ನನಗೆ ಇಂದಿಗೂ ಸಂಕಟವಾಗುತ್ತದೆ. ಕೊನೆಗೆ ಆರೂ ಜನ ಒಟ್ಟಿಗೆ ತಿರುಗಿ, ಸುಮಾರು 3,200 ಮೀಟರ್‌ನ ಜಿಸ್ಪಾಕ್ಕೆ ಇಳಿದೆವು. ಸಂಜೆ ಅವನು ಗಂಜಿ ಕುಡಿದ.

ಹಾಗಾಗಿ ಈ ಮಾತು ಕುಮಟಾ ಬಿಡುವ ಮೊದಲೇ ತೀರ್ಮಾನವಾಗಲಿ: ಯಾರೇ ಒಬ್ಬರು ‘ನನಗಾಗುತ್ತಿಲ್ಲ’ ಎಂದರೆ ಚರ್ಚೆಯಿಲ್ಲದೆ ಇಳಿಯುವುದು, ಎರಡೂ ವಾಹನಗಳು ಒಟ್ಟಿಗೆ ಇರುವುದು. ವಿಶೇಷವಾಗಿ ಮಾವನವರಿಗೆ ಇದನ್ನು ಎಲ್ಲರೆದುರು ಹೇಳಿ. ಹಿರಿಯರು ತಮ್ಮಿಂದ ಉಳಿದವರ ಪ್ರವಾಸ ಕೆಡುತ್ತದೆಂದು ನೋವನ್ನು ನುಂಗಿಕೊಳ್ಳುತ್ತಾರೆ. ಅವರ ಹೃದಯ, ರಕ್ತದೊತ್ತಡದ ತಪಾಸಣೆ ಮಾಡಿಸಿ, ಎತ್ತರದ ಕಾಯಿಲೆ ತಡೆಯಲು ಕೊಡುವ ಅಸೆಟಜೋಲಮೈಡ್ ಮಾತ್ರೆ ಬೇಕೇ ಎಂದು ವೈದ್ಯರನ್ನೇ ಕೇಳಿ. ಸಲ್ಫಾ ಔಷಧ ಒಗ್ಗದವರಿದ್ದರೆ ಅದನ್ನೂ ಮೊದಲೇ ತಿಳಿಸಿ.

ಶ್ರೀನಗರದ ದಾರಿಯಲ್ಲಿ ಮಲಗುವ ಊರುಗಳು ಮೆಟ್ಟಿಲು ಮೆಟ್ಟಿಲಾಗಿ ಏರುತ್ತವೆ. ಶ್ರೀನಗರ ಸುಮಾರು 1,585 ಮೀಟರ್, ಕಾರ್ಗಿಲ್ ಸುಮಾರು 2,680, ಲೇಹ್ 3,500. ನಡುವೆ 4,108 ಮೀಟರ್‌ನ ಫೋಟು ಲಾ ಬಂದರೂ ಅದನ್ನು ಹಗಲಿನಲ್ಲಿ ದಾಟಿ ಕೆಳಗೆ ಬರುತ್ತೀರಿ. 3,000 ಮೀಟರ್ ಮೀರಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದೆಂದು ವೈದ್ಯರು ಹೇಳುತ್ತಾರೆ. ಕಾರ್ಗಿಲ್‌ನಿಂದ ಲೇಹ್‌ಗೆ ಅದು ಮೀರುತ್ತದೆ, ಆದ್ದರಿಂದ ಲೇಹ್‌ನಲ್ಲಿ ಎರಡು ಪೂರ್ತಿ ದಿನ ಏನೂ ಮಾಡದೆ ಇರಿ.

ಇನ್ನು ಜ್ವಾಲಾಮುಖಿ. ಅದನ್ನು ಬೆಳಗಾವಿ ದಾಟಿದಾಗಿನಿಂದಲೇ ನೋಡಲು ಶುರುಮಾಡಿ. ಕೊಲ್ಹಾಪುರ, ಸಾತಾರಾ ಕಡೆಯ ಗುಡ್ಡಗಳ ತಲೆ ಚಪ್ಪಟೆ, ಮೈಯೆಲ್ಲ ಮೆಟ್ಟಿಲು. ಒಂದೊಂದು ಮೆಟ್ಟಿಲೂ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಆರಿದ ಲಾವಾ. ದ್ರಾಸ್–ಕಾರ್ಗಿಲ್ ನಡುವೆ ಸಿಗುವ ಗಾಢ ಬಣ್ಣದ ಬಂಡೆಗಳು ಅದಕ್ಕಿಂತ ಹಳೆಯವು. ಭಾರತದ ಭೂಭಾಗ ಏಷ್ಯಾಕ್ಕೆ ತಾಗುವ ಮೊದಲು ಅಲ್ಲಿ ಟೆಥಿಸ್ ಸಾಗರವಿತ್ತು, ಅದರೊಳಗಿನ ಜ್ವಾಲಾಮುಖಿ ದ್ವೀಪಗಳ ಸಾಲಿನ ಅವಶೇಷ ಅವು. ಕಡಲ ಬದಿಯವರಾದ ನೀವು ಅಲ್ಲಿ ಹತ್ತು ನಿಮಿಷ ಇಳಿದು ಆ ಕಲ್ಲನ್ನು ಮುಟ್ಟಿ ನೋಡಿ.

ಪೂಗಾದಲ್ಲಿ ಜ್ವಾಲಾಮುಖಿ ಇಲ್ಲ. ಎರಡು ಭೂಭಾಗಗಳು ಕೂಡಿದ ಹೊಲಿಗೆಯ ಹತ್ತಿರ, ನೆಲದಾಳದ ಬಿಸಿ ನೀರನ್ನು ಕಾಯಿಸಿ ಮೇಲಕ್ಕೆ ಕಳಿಸುತ್ತದೆ. ಬುಗ್ಗೆಗಳ ಸುತ್ತ ಬೊರಾಕ್ಸ್‌ನ ಬಿಳಿ ಪುಡಿ, ಗಂಧಕದ ಹಳದಿ, ಗಾಳಿಯಲ್ಲಿ ಅದರದೇ ವಾಸನೆ. ಅಲ್ಲಿ ವಾಹನ ಇಳಿಸಬೇಡಿ, ನೆಲ ಮೆತ್ತಗಿದೆ. 4,400 ಮೀಟರ್ ಎತ್ತರದಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ಬರಿ ಪಾತ್ರೆಯಲ್ಲಿ ಅನ್ನ ಬೇಯುವುದಿಲ್ಲ. ಕುಕ್ಕರ್ ಒಯ್ಯಿರಿ.

ಲೇಹ್‌ನಲ್ಲಿ ಇಡೀ ವರ್ಷಕ್ಕೆ ಬೀಳುವ ಮಳೆ ಸುಮಾರು 100 ಮಿ.ಮೀ. ಜುಲೈನ ಒಂದು ಜೋರು ದಿನದಲ್ಲಿ ನಮ್ಮ ಕರಾವಳಿಗೆ ಅಷ್ಟು ಬೀಳುತ್ತದೆ. ಈ ತೇವದಲ್ಲಿ ಬೆಳೆದ ಚರ್ಮ ಅಲ್ಲಿ ಎರಡೇ ದಿನಕ್ಕೆ ಬಿರಿಯುತ್ತದೆ. ನಮಗೆ ಒದಗಿದ್ದು ಅಮ್ಮ ಕಟ್ಟಿಕೊಟ್ಟ ಮುರುಗಲು ತುಪ್ಪ. ಚಳಿಗೆ ಅದು ಕಲ್ಲಾಗುತ್ತದೆ, ಒಳಜೇಬಿನಲ್ಲಿಟ್ಟುಕೊಂಡರೆ ತುಟಿಗೆ ಸವರುವಷ್ಟು ಮೆತ್ತಗಾಗುತ್ತದೆ. ಇನ್ನೊಂದು ಮಾತು: ನಮ್ಮ ಹಳ್ಳಗಳು ಮಳೆಗೆ ತುಂಬುತ್ತವೆ, ಅಲ್ಲಿಯವು ಬಿಸಿಲಿಗೆ. ಮಧ್ಯಾಹ್ನ ಹಿಮ ಕರಗಿ ರಸ್ತೆಯ ಮೇಲೆ ನೀರು ಏರುವುದರಿಂದ ಹಳ್ಳ ದಾಟುವುದನ್ನೆಲ್ಲ ಬೆಳಿಗ್ಗೆಯೇ ಮುಗಿಸಿ. ಪೂಗಾ ಕಡೆಗೆ ಹೋಗುವಾಗ ಕಾರು ಎಂಬ ಊರಿನಲ್ಲೇ ಇಂಧನ ತುಂಬಿಸಿ. ನಮ್ಮ ಪ್ರೀಪೇಯ್ಡ್ ಸಿಮ್‌ಗಳು ಲಡಾಖ್‌ನಲ್ಲಿ ನಡೆಯುವುದಿಲ್ಲ, ವಾಹನಕ್ಕೊಬ್ಬರ ಬಳಿಯಾದರೂ ಪೋಸ್ಟ್‌ಪೇಯ್ಡ್ ಇರಲಿ.

ಪೂಗಾದಿಂದ ತ್ಸೋ ಕಾರ್ ಸರೋವರಕ್ಕೆ ಹೋಗಿ. ದಡದಲ್ಲಿ ಉಪ್ಪು ಬೆಳ್ಳಗೆ ಹರಡಿರುತ್ತದೆ. ಚಾಂಗ್ಪಾ ಕುರಿಗಾಹಿಗಳು ಹಿಂದೆ ಅಲ್ಲಿಂದ ಉಪ್ಪು ಒಯ್ಯುತ್ತಿದ್ದರು. ಸಾಣಿಕಟ್ಟೆಯ ಉಪ್ಪಿನ ಗದ್ದೆಗಳನ್ನು ನೋಡಿ ಬೆಳೆದವರಿಗೆ, ಕಡಲಿನಿಂದ ಇಷ್ಟು ದೂರದಲ್ಲಿ, ಇಷ್ಟು ಎತ್ತರದಲ್ಲಿ ಅದನ್ನು ಕಂಡಾಗ ಆಗುವ ಬೆರಗನ್ನು ನಾನು ಬರೆಯಲಾರೆ. ಅಲ್ಲಿಂದ ಮನಾಲಿ ರಸ್ತೆ ಹತ್ತಿರ. ಅಷ್ಟರಲ್ಲಿ ನಿಮ್ಮ ದೇಹ ಎತ್ತರಕ್ಕೆ ಒಗ್ಗಿರುತ್ತದೆ. ನಸುಕಿನಲ್ಲೇ ಹೊರಡಿ, ಸರ್ಚುವಿನಲ್ಲಿ ಚಹಾ ಕುಡಿದು ಮುಂದೆ ಸಾಗಿ, ಜಿಸ್ಪಾದಲ್ಲಿ ಮಲಗಿ. ಎರಡನೆಯ ಸಲ ನಾವು ಹಾಗೆಯೇ ಮಾಡಿದೆವು. ಆ ದಿನ ಬಾರಾಲಾಚಾ ದಾಟುವಾಗ ಸ್ಟಿಯರಿಂಗ್ ಹಿಡಿದಿದ್ದವನು ಕಾರವಾರದ ಗೆಳೆಯನೇ.